ಅಪ್ಪನಿಗೆ ಕೊರಿಯಾದ ಜಿನ್ಸೆಂಗ್ ಕೊಡಬಹುದಾ? ಮರೆವು, ಮಂಕು ಎರಡೂ ಇದೆ

ಸಾಗರದ_ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಪ್ಪನ ವಿಷಯ ಕೇಳಬೇಕಿತ್ತು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ 72. ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಹೋದ ದೀಪಾವಳಿ ಹೊತ್ತಿಗೆ ಅಮ್ಮ ತೀರಿಕೊಂಡರು. ಆಮೇಲಿಂದ ಅಪ್ಪ ಮಂಕಾಗಿಬಿಟ್ಟಿದ್ದಾರೆ. ಮುಂಚೆ ಕಾಫಿ ಮುಗಿಯುವಷ್ಟರಲ್ಲಿ ಪೇಪರಿನ ಪದಬಂಧ ತುಂಬಿಸಿ ಇಡುತ್ತಿದ್ದರು. ಈಗ ಪೇಪರ್ ಬಂದ ಹಾಗೇ ಬಿದ್ದಿರುತ್ತದೆ. ಮಂಡಿಯಿಂದ ಅಡಿಕೆ ದುಡ್ಡು ಬಂತಾ ಅಂತ ಒಂದೇ ಬೆಳಿಗ್ಗೆ ಮತ್ತೆ ಮತ್ತೆ ಕೇಳುತ್ತಾರೆ. ಮೊನ್ನೆ ಬಚ್ಚಲೊಲೆಗೆ ಬೆಂಕಿ ಹಾಕಿ, ಹಂಡೆಗೆ ನೀರು ತುಂಬಿಸುವುದನ್ನೇ ಮರೆತಿದ್ದರು. ರಾತ್ರಿ ಮೂರಕ್ಕೆಲ್ಲ ಎಚ್ಚರ ಆಗುತ್ತದೆ. ಎದ್ದು ಜಗಲಿಯಲ್ಲಿ ಕೂರುತ್ತಾರೆ.

ತಮ್ಮ ಕೊರಿಯಾದಲ್ಲಿ ಕೆಲಸದಲ್ಲಿದ್ದಾನೆ. ಈ ಸಲ ಬರುವಾಗ ಕೆಂಪು ಜಿನ್ಸೆಂಗ್ ಅನ್ನುವ ಬೇರಿನ ಸಾರ ತಂದಿದ್ದಾನೆ. ಗಾಜಿನ ಬಾಟಲಿ, ಒಳಗೆ ಜೋನಿಬೆಲ್ಲದ ಹಾಗೆ ಕಪ್ಪಗೆ ಗಟ್ಟಿಯಾಗಿದೆ. ಮೂಸಿದರೆ ಮಣ್ಣಿನ ವಾಸನೆ, ನಾಲಿಗೆಗೆ ಕಹಿ. ಜೊತೆಗೆ ಒಂದು ಗ್ರಾಂ ಹಿಡಿಯುವ ಪುಟ್ಟ ಚಮಚ ಇದೆ. ದಿನಕ್ಕೆ ಮೂರು ಸಲ ಬಿಸಿನೀರಿಗೆ ಕದಡಿ ಕೊಡು, ಅಲ್ಲಿ ವಯಸ್ಸಾದವರೆಲ್ಲ ಇದನ್ನೇ ತಗೊಳ್ಳುವುದು, ನೆನಪಿಗೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು ಅಂತಾನೆ. ತುಂಬಾ ದುಡ್ಡು ಕೊಟ್ಟು ತಂದಿದ್ದಾನೆ. ಬೇಡ ಅನ್ನುವುದಕ್ಕೂ ಮನಸ್ಸು ಬರುತ್ತಿಲ್ಲ.

ಅಪ್ಪ ಈಗ ತಗೊಳ್ಳುತ್ತಿರುವುದು: ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಬಿಪಿಗೆ ಟೆಲ್ಮಿಸಾರ್ಟನ್, ರಾತ್ರಿ ಅಸಿಟ್ರೋಮ್. ಹೃದಯದ ಮೈಟ್ರಲ್ ಕವಾಟ ಬದಲಾಯಿಸಿ ಬಹಳ ವರ್ಷ ಆಗಿದೆ, ಲೋಹದ ಕವಾಟ. ನಮ್ಮದು ಸಸ್ಯಾಹಾರ. ಗಿಡಮೂಲಿಕೆ ತಾನೆ, ಏನೂ ಆಗಲ್ಲ ಅಂತ ಇಲ್ಲಿ ಒಂದಿಬ್ಬರು ಹೇಳಿದರು. ಆದರೂ ಕೊಡುವ ಮೊದಲು ತಿಳಿದವರನ್ನು ಕೇಳೋಣ ಅನ್ನಿಸಿತು.

ಬೆಳಗಿನ_ಓಟ:

ನಾನು ಜಿನ್ಸೆಂಗ್ ಇರುವ ಮಲ್ಟಿವಿಟಮಿನ್ ಕ್ಯಾಪ್ಸೂಲ್ ತಗೊಳ್ತಾ ಇದ್ದೇನೆ. ದಿನವಿಡೀ ಚುರುಕಾಗಿರುತ್ತೇನೆ, ಆಫೀಸಿನಲ್ಲಿ ಮಧ್ಯಾಹ್ನ ತೂಕಡಿಕೆ ಇಲ್ಲ. ಯಾವ ತೊಂದರೆಯೂ ಆಗಿಲ್ಲ. ಕೊಟ್ಟು ನೋಡಿ ಮೇಡಂ.

ಕೌಂಟರ್_ಹಿಂದೆ:

ತಂಗಿ, ಮೊದಲು ಆ ಬಾಟಲಿಯ ಮುಚ್ಚಳ ಹಾಕಿ ಎತ್ತಿಡಿ. ಅಪ್ಪ ಈಗಾಗಲೇ ಒಂದೆರಡು ಚಮಚ ತಗೊಂಡಿದ್ದರೆ ಇವತ್ತೇ ಅವರ ಹೃದಯದ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಉಳಿದದ್ದನ್ನು ಸಮಾಧಾನವಾಗಿ ಬರೆಯುತ್ತೇನೆ.

ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೇನೆ, ಫಾರ್ಮಸಿ ಓದಿದವನು. ಅಸಿಟ್ರೋಮ್ ತಗೊಳ್ಳುವ ಗಿರಾಕಿ ಬಂದರೆ ಮಾತ್ರೆ ಕೊಡುವ ಮೊದಲು, ಬೇರೆ ಏನು ಶುರು ಮಾಡಿದ್ದೀರಿ ಅಂತ ನಾನು ಕೇಳಿಯೇ ಕೇಳುತ್ತೇನೆ. ಕಷಾಯ, ಲೇಹ್ಯ, ಪುಡಿ, ಎಲ್ಲವನ್ನೂ. ಕೆಲವರಿಗೆ ಬೇಜಾರಾಗುತ್ತದೆ. ಆಗಲಿ.

ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತಲೇ ಅಸಿಟ್ರೋಮ್ ಕೊಡುವುದು. ಐಎನ್‌ಆರ್ ಅಂತ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತೀರಲ್ವಾ, ಆ ಸಂಖ್ಯೆ ಮೈಟ್ರಲ್ ಕವಾಟದವರಿಗೆ ಸಾಮಾನ್ಯವಾಗಿ 2.5ರಿಂದ 3.5ರ ಒಳಗೆ ಇರಬೇಕು. ಕೆಳಗೆ ಇಳಿದರೆ ಹೆಪ್ಪು ಕಟ್ಟುತ್ತದೆ, ಅದು ಮಿದುಳಿಗೆ ಹೋದರೆ ಪಾರ್ಶ್ವವಾಯು. ಮೇಲೆ ಹೋದರೆ ರಕ್ತಸ್ರಾವ.

1997ರಲ್ಲಿ ಅಮೆರಿಕದ ಫಾರ್ಮಸಿ ಪತ್ರಿಕೆಯೊಂದರಲ್ಲಿ ಒಬ್ಬ ರೋಗಿಯ ವರದಿ ಬಂದಿತ್ತು. ವಯಸ್ಸು 47. ನಿಮ್ಮ ಅಪ್ಪನ ಹಾಗೆಯೇ ಕೃತಕ ಕವಾಟ. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುತ್ತಿದ್ದ, ಐಎನ್‌ಆರ್ 3.1ರಲ್ಲಿ ಸರಿಯಾಗಿತ್ತು. ಜಿನ್ಸೆಂಗ್ ಕ್ಯಾಪ್ಸೂಲ್ ಶುರು ಮಾಡಿದ ಎರಡು ವಾರದಲ್ಲಿ ಅದು 1.5ಕ್ಕೆ ಬಿತ್ತು. ಜಿನ್ಸೆಂಗ್ ನಿಲ್ಲಿಸಿದ ಮೇಲೆ ಮತ್ತೆ 3.3ಕ್ಕೆ ಬಂತು. ಒಬ್ಬನ ಕಥೆ ಅಷ್ಟೇ ಅನ್ನಬಹುದು. 2004ರಲ್ಲಿ 20 ಮಂದಿ ಆರೋಗ್ಯವಂತರಿಗೆ ವಾರ್ಫರಿನ್ ಕೊಟ್ಟು ನೋಡಿದಾಗಲೂ, ಅಮೆರಿಕನ್ ಜಿನ್ಸೆಂಗ್ ತಗೊಂಡವರಲ್ಲಿ ಔಷಧಿಯ ಪರಿಣಾಮ ಕಡಿಮೆಯಾಗಿತ್ತು. ಕೊರಿಯಾದ ಜಿನ್ಸೆಂಗಿನ ಮೇಲೆ ಮಾಡಿದ ಪರೀಕ್ಷೆಗಳಲ್ಲಿ ಕೆಲವು ಹೌದು ಅಂದಿವೆ, ಕೆಲವು ಇಲ್ಲ ಅಂದಿವೆ. ಅಸಿಟ್ರೋಮ್ ಕೂಡ ವಾರ್ಫರಿನ್ ಜಾತಿಯದೇ. ಹೌದೋ ಅಲ್ಲವೋ ಅಂತ ನಿಮ್ಮ ಅಪ್ಪನ ಕವಾಟದ ಮೇಲೆ ಪರೀಕ್ಷೆ ಮಾಡುವುದು ಬೇಡ.

ಎರಡನೆಯದು ಗ್ಲಿಮೆಪಿರೈಡ್. ಅದು ಶುಗರನ್ನು ಜೋರಾಗಿ ಇಳಿಸುವ ಮಾತ್ರೆ. ಜಿನ್ಸೆಂಗ್‌ಗೂ ಶುಗರ್ ಇಳಿಸುವ ಗುಣ ಸ್ವಲ್ಪ ಇದೆ. ಎರಡೂ ಸೇರಿ ಲೋ ಶುಗರ್ ಆದರೆ, ವಯಸ್ಸಾದವರಲ್ಲಿ ಬೆವರು, ನಡುಕ ಎಲ್ಲ ಕಾಣಿಸದೇ ಇರಬಹುದು. ಬರೀ ಗಲಿಬಿಲಿ ಕಾಣುತ್ತದೆ. ಮಾತು ತಪ್ಪುತ್ತದೆ, ಮಂಕು ಕವಿಯುತ್ತದೆ. ನೀವು ಮರೆವು ಜಾಸ್ತಿಯಾಯಿತು ಅಂದುಕೊಂಡು ಇನ್ನೊಂದು ಚಮಚ ಕೊಡುತ್ತೀರಿ. ನನಗೆ ಹೆದರಿಕೆ ಇರುವುದು ಅಲ್ಲಿ.

ಮೂರನೆಯದು ನಿದ್ದೆ. ಜಿನ್ಸೆಂಗ್ ತಗೊಂಡವರು ಹೆಚ್ಚಾಗಿ ಹೇಳುವ ದೂರು ನಿದ್ದೆ ಬರಲ್ಲ ಅನ್ನುವುದು. ಮೂರಕ್ಕೇ ಎದ್ದು ಕೂರುವವರಿಗೆ ಇದು ಬೇಕಾ?

ಬೆಳಗಿನ ಓಟ ಸರ್, ನೀವು ಆರೋಗ್ಯವಾಗಿದ್ದೀರಿ, ಬೇರೆ ಮಾತ್ರೆ ಇಲ್ಲ, ತೊಂದರೆ ಆಗಿಲ್ಲ. ಸಂತೋಷ. ಆದರೆ ನಮ್ಮಲ್ಲಿ ಸಿಗುವ ಆ ಥರದ ಕ್ಯಾಪ್ಸೂಲುಗಳಲ್ಲಿ ಜಿನ್ಸೆಂಗ್ ತೀರಾ ಕಡಿಮೆ, ಜೊತೆಗೆ ಹತ್ತಾರು ವಿಟಮಿನ್. ನಿಮ್ಮ ಚುರುಕು ಯಾವುದರಿಂದ ಅಂತ ಹೇಳುವುದು ಕಷ್ಟ. ಇವರ ಬಾಟಲಿಯಲ್ಲಿ ಇರುವುದು ಬೇರು ಬೇಯಿಸಿ ಇಳಿಸಿದ ಸಾರ, ದಿನಕ್ಕೆ ಮೂರು ಗ್ರಾಂ.

ಇನ್ನು, ನೆನಪಿಗೆ ಕೆಲಸ ಮಾಡುತ್ತದಾ ಅನ್ನುವ ನಿಮ್ಮ ಪ್ರಶ್ನೆ. ಇಂಗ್ಲೆಂಡಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದಲ್ಲಿ ಹುಡುಗ ಹುಡುಗಿಯರಿಗೆ 200 ಮಿಲಿಗ್ರಾಂ ಜಿನ್ಸೆಂಗ್ ಕೊಟ್ಟು, ಮೂರಂಕಿಯ ಸಂಖ್ಯೆಯಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು. ಸ್ವಲ್ಪ ಚೆನ್ನಾಗಿಯೇ ಮಾಡಿದರು. ಅದೇ ಪರೀಕ್ಷೆಯಲ್ಲಿ ಅವರ ರಕ್ತದ ಸಕ್ಕರೆಯೂ ಇಳಿದಿತ್ತು, ಗಮನಿಸಿ. ಕೊರಿಯಾದ ಸೋಲ್‌ನಲ್ಲಿ 2008ರಲ್ಲಿ ಆಲ್ಜೈಮರ್ಸ್ ಅನ್ನುವ ಮರೆವಿನ ಕಾಯಿಲೆ ಇದ್ದ 58 ಜನರಿಗೆ 12 ವಾರ ದಿನಾ 4.5 ಗ್ರಾಂ ಬೇರಿನ ಪುಡಿ ಕೊಟ್ಟರು. ಅಂಕಗಳು ಸುಧಾರಿಸಿದವು, ನಿಲ್ಲಿಸಿದ ಮೇಲೆ ಮತ್ತೆ ಇಳಿದವು. ಆದರೆ ಯಾರು ಏನು ತಗೊಳ್ಳುತ್ತಿದ್ದಾರೆ ಅಂತ ರೋಗಿಗೂ ಗೊತ್ತು, ಡಾಕ್ಟರಿಗೂ ಗೊತ್ತು. ಹಾಗೆ ಮಾಡಿದ ಪರೀಕ್ಷೆಯಲ್ಲಿ ಆಸೆಯೇ ಅರ್ಧ ಕೆಲಸ ಮಾಡುತ್ತದೆ. ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು 2010ರಲ್ಲಿ ಆವರೆಗಿನ ಒಳ್ಳೆಯ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಆರೋಗ್ಯವಂತರ ಬುದ್ಧಿ ಚುರುಕಾಗುತ್ತದೆ ಅನ್ನುವುದಕ್ಕೆ ನಂಬುವಂಥ ಆಧಾರ ಸಿಗಲಿಲ್ಲ, ಮರೆವಿನ ಕಾಯಿಲೆಗೆ ಗಟ್ಟಿ ಪುರಾವೆಯೇ ಇಲ್ಲ ಅಂದರು. ಮನಸ್ಸಿನ ಉತ್ಸಾಹದ ಕಥೆಯೂ ಹೆಚ್ಚು ಕಡಿಮೆ ಹೀಗೇ. 2002ರ ಒಂದು ಸಣ್ಣ ಪರೀಕ್ಷೆಯಲ್ಲಿ ನಾಲ್ಕನೇ ವಾರ ಸ್ವಲ್ಪ ಹುರುಪು ಕಂಡಿತ್ತು, ಎಂಟನೇ ವಾರಕ್ಕೆ ಅದು ಕರಗಿತ್ತು.

ನಾನು ಇಷ್ಟೆಲ್ಲ ಬರೆದದ್ದು ನಿಜಕ್ಕೂ ಈಗ ಹೇಳುವ ಮಾತಿಗಾಗಿ. ನಿಮ್ಮ ಪಟ್ಟಿಯಲ್ಲಿ ಮೆಟ್‌ಫಾರ್ಮಿನ್ ಇದೆ. ಎಷ್ಟು ವರ್ಷದಿಂದ ತಗೊಳ್ಳುತ್ತಿದ್ದಾರೆ? ಬಹಳ ವರ್ಷ ತಗೊಂಡರೆ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಮೇಲಿಂದ ಸಸ್ಯಾಹಾರ. ನಮಗೆ ಬಿ12 ಸಿಗುವುದೇ ಹಾಲು ಮೊಸರಿನಿಂದ. ಅಮ್ಮ ಹೋದ ಮೇಲೆ ಅಪ್ಪನ ಊಟ ಹೇಗಿದೆ? ಬಿ12 ಇಳಿದರೆ ಮರೆವು, ಮಂಕು, ಕಾಲು ಜೋಮು, ನಡೆಯುವಾಗ ಓಲಾಟ ಎಲ್ಲ ಬರಬಹುದು. ಇದು ಸರಿಹೋಗುವಂಥ ಮರೆವು, ಆದರೆ ತಡ ಮಾಡಬಾರದು. ಥೈರಾಯ್ಡ್ ಕೂಡ ನೋಡಿಸಿ. ಕಿವಿ ಸರಿಯಾಗಿ ಕೇಳುತ್ತಿದೆಯಾ ನೋಡಿ.

ಇನ್ನೊಂದು. ಪತ್ನಿ ಹೋದ ದುಃಖ ಖಿನ್ನತೆಯಾಗಿ ಕೂತಿದ್ದರೆ ಅದು ಹೊರಗಿನವರಿಗೆ ಮರೆವಿನ ಹಾಗೆಯೇ ಕಾಣುತ್ತದೆ. ಬೆಳಗಿನ ಜಾವ ಎಚ್ಚರ, ಇಷ್ಟದ ಕೆಲಸ ಬಿಡುವುದು, ನೀವು ಬರೆದದ್ದು ಎರಡೂ ಅದರ ಲಕ್ಷಣ. ಇದಕ್ಕೆ ಚಿಕಿತ್ಸೆ ಇದೆ, ವಯಸ್ಸಾದವರಿಗೂ ಕೆಲಸ ಮಾಡುತ್ತದೆ. ಮೊದಲು ಮಾತಾಡಿ ನೋಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲಿ ಮಾತಾಡುತ್ತಾರೆ. ಡಾಕ್ಟರ್ ಯಾರೇ ಆಗಲಿ, ಅಸಿಟ್ರೋಮ್ ವಿಷಯ ಮೊದಲೇ ಹೇಳಿ. ಖಿನ್ನತೆಯ ಕೆಲವು ಮಾತ್ರೆಗಳೂ ಅದರ ಜೊತೆ ರಕ್ತಸ್ರಾವ ಜಾಸ್ತಿ ಮಾಡುತ್ತವೆ. ಅವರು ನೋಡಿಕೊಂಡು ಬರೆಯುತ್ತಾರೆ.

ಸುವಾನ್_ಕನ್ನಡಿಗ:

ಅಕ್ಕ, ನಾನು ಕೊರಿಯಾದಲ್ಲೇ ಇದ್ದೇನೆ. ನಿಮ್ಮ ತಮ್ಮ ಪ್ರೀತಿಯಿಂದಲೇ ತಂದಿರುತ್ತಾನೆ. ಇಲ್ಲಿ ಹಬ್ಬಕ್ಕೆ ಅಪ್ಪ ಅಮ್ಮನಿಗೆ ಕೊಡುವ ದೊಡ್ಡ ಉಡುಗೊರೆ ಅಂದರೆ ಇದೇ. ಚುಸೊಕ್ ಹಬ್ಬ ಬಂತು ಅಂದರೆ ಅಂಗಡಿಗಳಲ್ಲಿ ಕೆಂಪು ಡಬ್ಬಿಗಳ ಗೋಪುರವೇ ಇರುತ್ತದೆ.

ಗುಮ್ಸಾನ್ ಅಂತ ಊರಿದೆ, ಜಿನ್ಸೆಂಗ್ ಸಂತೆಗೆ ಹೆಸರುವಾಸಿ. ಅಲ್ಲಿ ಹಸಿ ಬೇರನ್ನು 750 ಗ್ರಾಮಿನ ಲೆಕ್ಕದಲ್ಲಿ ಮಾರುತ್ತಾರೆ, ಅದಕ್ಕೆ ಛೇ ಅನ್ನುತ್ತಾರೆ. ಅಜ್ಜಿಯರು ಬೇರಿನ ಒಂದು ಕವಲೂ ಮುರಿಯದ ಹಾಗೆ ಬ್ರಷ್ ಹಿಡಿದು ಮಣ್ಣು ತೊಳೆಯುವುದನ್ನು ನೋಡುತ್ತಾ ನಿಂತುಬಿಡಬೇಕು ಅನ್ನಿಸುತ್ತದೆ. ಗಿಡಕ್ಕೆ ಬಿಸಿಲು ಆಗುವುದಿಲ್ಲ. ಹೊಲದ ತುಂಬ ಕಪ್ಪು ಪರದೆಯ ಚಪ್ಪರ ಹಾಕಿರುತ್ತಾರೆ. ಕೆಂಪು ಜಿನ್ಸೆಂಗಿಗೆ ಆರು ವರ್ಷದ ಬೇರು ಶ್ರೇಷ್ಠ ಅಂತ ನಂಬಿಕೆ. ಹಸಿ ಬೇರನ್ನು ಹಬೆಯಲ್ಲಿ ಬೇಯಿಸಿ ಒಣಗಿಸಿದರೆ ಆ ಕೆಂಪು ಬಣ್ಣ ಬರುತ್ತದೆ. ಬೇಯಿಸದೆ ಒಣಗಿಸಿದರೆ ಬಿಳಿ ಜಿನ್ಸೆಂಗ್. ಬೇಸಿಗೆಯ ಮೂರು ಸುಡುಬಿಸಿಲಿನ ದಿನ ಇಡೀ ಕೋಳಿಯ ಹೊಟ್ಟೆಯಲ್ಲಿ ಅಕ್ಕಿ, ಬೇರು ತುಂಬಿಸಿ ಬೇಯಿಸಿದ ಸಾರು ತಿನ್ನಲು ಹೋಟೆಲ್ ಮುಂದೆ ಸಾಲು ಇರುತ್ತದೆ. ನಾನು ಸಸ್ಯಾಹಾರಿ, ಸಾಲು ಮಾತ್ರ ನೋಡಿದ್ದೇನೆ.

ಇಲ್ಲಿ ಇದನ್ನು ಮಾರುವುದು ಔಷಧಿ ಅಂತ ಅಲ್ಲ, ಆರೋಗ್ಯಕ್ಕೆ ಪೂರಕ ಆಹಾರ ಅಂತ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಬರೆದಿರುತ್ತದೆ. ಅದರ ಫೋಟೋ ಹಾಕಿ, ಓದಿ ಹೇಳುತ್ತೇನೆ.

ಸಾಗರದ_ಮಗಳು:

ಕೌಂಟರ್ ಹಿಂದೆ ಸರ್, ಕೈ ಮುಗಿಯುತ್ತೇನೆ. ಇನ್ನೂ ಕೊಟ್ಟಿಲ್ಲ. ಅಪ್ಪ ಮೆಟ್‌ಫಾರ್ಮಿನ್ ತಗೊಳ್ಳುವುದು ಶುರುವಾಗಿ ಹತ್ತು ವರ್ಷದ ಮೇಲಾಗಿದೆ. ಬಿ12 ಪರೀಕ್ಷೆ ಮಾಡಿಸಿದ ನೆನಪೇ ಇಲ್ಲ. ಊಟ ಅಷ್ಟಕ್ಕಷ್ಟೇ, ಮೊಸರು ಬಿಟ್ಟೇ ಬಿಟ್ಟಿದ್ದಾರೆ. ಅಮ್ಮ ಹೆಪ್ಪು ಹಾಕಿದ ಮೊಸರೇ ಆಗಬೇಕಿತ್ತು ಅವರಿಗೆ.

ಸುವಾನ್ ತಮ್ಮ, ಫೋಟೋ ಹಾಕಿದ್ದೇನೆ.

ಸುವಾನ್_ಕನ್ನಡಿಗ:

ಓದಿದೆ ಅಕ್ಕ. ಮೇಲಿನ ಸಾಲಿನಲ್ಲಿ ಇದರ ಉಪಯೋಗ ಬರೆದಿದೆ. ರೋಗನಿರೋಧಕ ಶಕ್ತಿ, ಆಯಾಸ ಕಡಿಮೆ ಮಾಡುವುದು, ನೆನಪಿನ ಶಕ್ತಿ ಸುಧಾರಣೆ ಅಂತ ಇದೆ. ತಮ್ಮ ಹೇಳಿದ್ದು ಅಲ್ಲಿಂದಲೇ ಬಂದದ್ದು. ಅದೇ ಸಾಲಿನಲ್ಲಿ, ರಕ್ತದ ಪ್ಲೇಟ್‌ಲೆಟ್‌ಗಳು, ಅಂದರೆ ಹೆಪ್ಪು ಕಟ್ಟಿಸುವ ಕಣಗಳು, ಒಟ್ಟುಗೂಡದ ಹಾಗೆ ತಡೆದು ರಕ್ತ ಸರಾಗವಾಗಿ ಹರಿಯಲು ಸಹಾಯ ಮಾಡುತ್ತದೆ ಅಂತಲೂ ಇದೆ.

ಕೆಳಗೆ ಎಚ್ಚರಿಕೆಯ ಸಾಲು. ಸಕ್ಕರೆ ಕಾಯಿಲೆಯ ಔಷಧಿ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಔಷಧಿ ತಗೊಳ್ಳುವವರು ಸೇವಿಸುವಾಗ ಎಚ್ಚರ ವಹಿಸಿ. ಈ ಎರಡೇ ಹೆಸರು ಇರುವುದು. ಎರಡೂ ನಿಮ್ಮ ಅಪ್ಪನ ಪಟ್ಟಿಯಲ್ಲಿವೆ. ನಿಮ್ಮ ತಮ್ಮನಿಗೆ ಈ ಸಾಲನ್ನೇ ತೋರಿಸಿ, ಬೇಜಾರು ಮಾಡಿಕೊಳ್ಳಲ್ಲ.

ಕೌಂಟರ್_ಹಿಂದೆ:

ಇದನ್ನು ಓದಿ ಹೇಳಿದ್ದಕ್ಕೆ ತುಂಬಾ ಉಪಕಾರ. ನೋಡಿ ತಂಗಿ, ಐಎನ್‌ಆರ್ ಇಳಿಯಬಹುದು ಅನ್ನುವುದು ಒಂದು ಕಡೆ, ಪ್ಲೇಟ್‌ಲೆಟ್ ತಡೆದು ರಕ್ತಸ್ರಾವ ಜಾಸ್ತಿ ಮಾಡಬಹುದು ಅನ್ನುವುದು ಇನ್ನೊಂದು ಕಡೆ. ಯಾವ ಕಡೆ ವಾಲುತ್ತದೆ ಅಂತ ಯಾರೂ ಮುಂಚೆಯೇ ಹೇಳಲಾರರು.

ಮೈಸೂರು_ಮೂಲಿಕೆ:

ವಿದೇಶದ ಬೇರು ಯಾಕೆ ಬೇಕು? ನಮ್ಮದೇ ಅಶ್ವಗಂಧ ಇದೆಯಲ್ಲ. ಇಂಡಿಯನ್ ಜಿನ್ಸೆಂಗ್ ಅಂತಲೇ ಕರೆಯುತ್ತಾರೆ. ಹಾಲಿಗೆ ಒಂದು ಚಮಚ ಪುಡಿ ಹಾಕಿ ರಾತ್ರಿ ಕೊಡಿ, ನಿದ್ದೆಯೂ ಬರುತ್ತದೆ. ಇಲ್ಲದಿದ್ದರೆ ಒಂದೆಲಗ. ನಿಮ್ಮ ಸಾಗರದ ಕಡೆ ಗದ್ದೆ ಬದುವಿನಲ್ಲೇ ಸಿಗುತ್ತದೆ.

ಕೌಂಟರ್_ಹಿಂದೆ:

ಮೂಲಿಕೆ ಸರ್, ನಿಮ್ಮ ಕಳಕಳಿ ಅರ್ಥವಾಗುತ್ತದೆ. ನಮ್ಮ ಮೂಲಿಕೆಗಳ ಮೇಲೆ ನನಗೂ ಗೌರವ ಇದೆ. ಆದರೆ ಈ ಮನೆಯ ವಿಷಯದಲ್ಲಿ ಅದೂ ಬೇಡ. ಅಶ್ವಗಂಧಕ್ಕೂ ಜಿನ್ಸೆಂಗಿಗೂ ಸಂಬಂಧವೇ ಇಲ್ಲ, ಅಶ್ವಗಂಧ ಬದನೆಕಾಯಿಯ ಕುಟುಂಬದ ಗಿಡ. ಒತ್ತಡ, ನಿದ್ದೆಗೆ ಸ್ವಲ್ಪ ಸಹಾಯ ಮಾಡುತ್ತದೆ ಅನ್ನುವ ಸಣ್ಣ ಪರೀಕ್ಷೆಗಳಿವೆ, ಒಪ್ಪುತ್ತೇನೆ. ಆದರೆ ಅದೂ ಶುಗರ್ ಇಳಿಸಬಹುದು, ಬಿಪಿ ಇಳಿಸಬಹುದು, ಥೈರಾಯ್ಡ್ ಹಾರ್ಮೋನ್ ಏರಿಸಬಹುದು. ಕೆಲವರಲ್ಲಿ ಲಿವರ್‌ಗೆ ಪೆಟ್ಟಾದ ವರದಿಗಳೂ ಇವೆ. ಥೈರಾಯ್ಡ್ ಪರೀಕ್ಷೆಯನ್ನೇ ಇನ್ನೂ ಮಾಡಿಸದವರಿಗೆ ಅದನ್ನು ಕೊಟ್ಟರೆ ಡಾಕ್ಟರಿಗೂ ದಿಕ್ಕು ತಪ್ಪುತ್ತದೆ.

ಒಂದೆಲಗದ ತಂಬುಳಿ ಅಪರೂಪಕ್ಕೆ ಊಟದ ಜೊತೆ ಆಗಬಹುದು. ಆದರೆ ನೆನಪು ಬರಲಿ ಅಂತ ದಿನಾ ಬೆಳಿಗ್ಗೆ ಲೋಟಗಟ್ಟಲೆ ರಸ ಕುಡಿಸಬೇಡಿ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ, ಅದು ಅಸಿಟ್ರೋಮ್‌ನ ಕೆಲಸಕ್ಕೆ ಎದುರು. ಸೊಪ್ಪು ಬಿಡಬೇಕಾಗಿಲ್ಲ, ವಾರ ವಾರವೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಇರಲಿ.

ಸಾಗರದ_ಮಗಳು:

ಹೇಳುವುದಿತ್ತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆವು. ಬಿ12 ತುಂಬಾ ಕಡಿಮೆ ಇದೆ ಅಂದರು. ಥೈರಾಯ್ಡ್ ಸರಿಯಿದೆ. ಡಾಕ್ಟರ್ ಅಪ್ಪನ ಪಾದಕ್ಕೆ ಒಂದು ಕಂಪಿಸುವ ಕವೆಯಂಥದ್ದು ಮುಟ್ಟಿಸಿ, ಅದುರುತ್ತಿದೆಯಾ ಅಂತ ಕೇಳಿದರು. ಅಪ್ಪ ಸುಮ್ನೆ ಕೂತಿದ್ದರು. ಮೊಣಕಾಲಿನ ಹತ್ತಿರ ಇಟ್ಟಾಗ ಮಾತ್ರ ಹೂಂ ಅಂದರು. ಇಷ್ಟು ದಿನ ಕಾಲು ಜೋಮು ಅಂತ ಅವರು ಬಾಯಿ ಬಿಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ. ಬಿ12 ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. ಮನೋವೈದ್ಯರನ್ನು ನೋಡಲು ಮುಂದಿನ ವಾರ ಹೋಗಬೇಕು. ಅಪ್ಪ ಮೊದಲು ಒಪ್ಪಲಿಲ್ಲ, ನನಗೇನು ಹುಚ್ಚಾ ಅಂದರು. ನಿದ್ದೆಗೆ ಔಷಧಿ ಕೇಳೋಣ ಅಂದ ಮೇಲೆ ಸರಿ ಅಂದಿದ್ದಾರೆ.

ತಮ್ಮನಿಗೆ ಡಬ್ಬಿಯ ಸಾಲು ತೋರಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಾನೇ ಬಾಟಲಿ ತೆಗೆದು ಚೀಲಕ್ಕೆ ಹಾಕಿಕೊಂಡ.

ಇಂಜೆಕ್ಷನ್ ಇಲ್ಲೇ ಸಾಗರದಲ್ಲಿ ಹತ್ತಿರದ ನರ್ಸ್ ಕೈಯಲ್ಲಿ ಹಾಕಿಸಬಹುದಾ ಸರ್? ಎಷ್ಟು ದಿನಕ್ಕೆ ಗೊತ್ತಾಗುತ್ತದೆ?

ಕೌಂಟರ್_ಹಿಂದೆ:

ಒಳ್ಳೆಯ ಕೆಲಸ ಮಾಡಿದಿರಿ ತಂಗಿ. ಒಂದು ವಿಷಯ ಮರೆಯದೆ ಮಾಡಿ. ಬಿ12 ಇಂಜೆಕ್ಷನ್ ಸಾಮಾನ್ಯವಾಗಿ ಮಾಂಸಖಂಡಕ್ಕೆ ಚುಚ್ಚುತ್ತಾರೆ. ಅಸಿಟ್ರೋಮ್ ತಗೊಳ್ಳುವವರಿಗೆ ಅಲ್ಲಿ ಒಳಗೇ ರಕ್ತ ಸೋರಿ ಗಟ್ಟಿ ಊತ ಬರಬಹುದು. ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಅಪ್ಪ ಅಸಿಟ್ರೋಮ್‌ನಲ್ಲಿದ್ದಾರೆ, ಚರ್ಮದ ಕೆಳಗೆ ಕೊಡುವುದಾ, ಮಾತ್ರೆಯಲ್ಲೇ ಆಗುತ್ತದಾ ಅಂತ ಕೇಳಿ. ಚುಚ್ಚಲೇಬೇಕು ಅಂದರೆ ಮೊದಲು ಐಎನ್‌ಆರ್ ನೋಡಿಸಿ. ಚುಚ್ಚುವವರಿಗೂ ಅಸಿಟ್ರೋಮ್ ವಿಷಯ ಹೇಳಿ. ಸಣ್ಣ ಸೂಜಿ ಬಳಸಲಿ. ಚುಚ್ಚಿದ ಮೇಲೆ ಉಜ್ಜಬಾರದು, ಹತ್ತಿ ಇಟ್ಟು ಕೆಲವು ನಿಮಿಷ ಒತ್ತಿ ಹಿಡಿಯಬೇಕು.

ದಿನಗಳ ಲೆಕ್ಕ ಹೇಳುವುದು ಕಷ್ಟ. ಸುಸ್ತು ಬೇಗ ಕಡಿಮೆಯಾಗುತ್ತದೆ. ಜೋಮು, ಮರೆವು ತಿಂಗಳುಗಟ್ಟಲೆ ತಗೊಳ್ಳುತ್ತವೆ, ಬಹಳ ದಿನದ ಕೊರತೆಯಾದರೆ ಪೂರ್ತಿ ಹೋಗದೆಯೂ ಇರಬಹುದು. ಹಾಗಾಗಿ ಮನೋವೈದ್ಯರ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕಬೇಡಿ. ಹೋಗುವಾಗ ಮಾತ್ರೆಗಳ ಸ್ಟ್ರಿಪ್ಪುಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಬಾಯಲ್ಲಿ ಹೇಳಿದರೆ ಒಂದಾದರೂ ಬಿಟ್ಟುಹೋಗುತ್ತದೆ. ಅವರು ಹೊಸ ಮಾತ್ರೆ ಬರೆದರೆ ಮುಂದಿನ ಐಎನ್‌ಆರ್ ಯಾವಾಗ ಮಾಡಿಸಬೇಕು ಅಂತ ಅಲ್ಲೇ ಕೇಳಿ, ಚೀಟಿಯ ಮೇಲೆ ತಾರೀಖು ಬರೆಸಿಕೊಳ್ಳಿ.